ಬಾಡಿಗೆಯೋ ಖರೀದಿಯೋ ಕ್ಯಾಲ್ಕುಲೇಟರ್: ಮೈನಸ್ ಹಾಕಲು ಬಿಡುವುದಿಲ್ಲ

ಮನೆ ಬೆಲೆ ಇಳಿಯುತ್ತಿರುವಾಗ ಬಾಡಿಗೆಯಲ್ಲೇ ಇರಬೇಕಾ, ಕೊಂಡುಬಿಡಬೇಕಾ ಅಂತ ತಲೆ ಕೆಡಿಸಿಕೊಂಡವರಿಗೆ ಯಾರಾದರೂ ಒಂದು ಆನ್‌ಲೈನ್ ಕ್ಯಾಲ್ಕುಲೇಟರ್ ತೋರಿಸಿಯೇ ತೋರಿಸುತ್ತಾರೆ. ನಾನು ಬಳಸಿದ್ದು ಸಾಲ ಕೊಡುವ ಸಂಸ್ಥೆಯೊಂದರ ಸೈಟಿನಲ್ಲಿರುವುದು. ಹೆಸರು ಬೇಡ. ಐದಕ್ಕೆ ಎರಡೂವರೆ ಕೊಡುತ್ತೇನೆ.

ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಬಾಡಿಗೆ ಮತ್ತು ಕಂತು ಎರಡನ್ನೇ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದಿಲ್ಲ. ರಿಪೇರಿ, ಮನೆ ತೆರಿಗೆ, ವಿಮೆ, ನೋಂದಣಿ, ಮುಂದೆ ಮಾರುವಾಗಿನ ಖರ್ಚು ಎಲ್ಲವನ್ನೂ ಕೇಳುತ್ತದೆ. ನಾವು ಕೈಯಿಂದ ಹಾಕುವ ದುಡ್ಡನ್ನು ಬೇರೆ ಕಡೆ ಇಟ್ಟಿದ್ದರೆ ಎಷ್ಟು ಬರುತ್ತಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ‘ಬಾಡಿಗೆ ಕೊಡೋದು ದಂಡ’ ಅನ್ನುವವರು ಅದರಲ್ಲಿರುವ ಕಂತಿನ ಪಟ್ಟಿಯನ್ನು ಒಮ್ಮೆ ನೋಡಬೇಕು. 20 ವರ್ಷದ ಸಾಲ, ಬಡ್ಡಿ ಶೇ. 8.5 ಅಂತಿಟ್ಟುಕೊಳ್ಳಿ, ಮೊದಲ ಕಂತಿನಲ್ಲಿ ಶೇ. 80ಕ್ಕೂ ಜಾಸ್ತಿ ಬಡ್ಡಿಗೇ ಹೋಗುತ್ತದೆ, ಐದು ವರ್ಷ ಕಟ್ಟಿದ ಮೇಲೂ ಅಸಲಿನಲ್ಲಿ ತೀರಿರುವುದು ಸುಮಾರು ಶೇ. 12 ಮಾತ್ರ. ಅದೂ ಬಾಡಿಗೆಯೇ ಅಲ್ವಾ, ಸಾಲದ ದುಡ್ಡಿಗೆ ಕೊಡುವ ಬಾಡಿಗೆ.

ತಕರಾರು ಇರುವುದು ಒಂದು ಖಾನೆಯ ಬಗ್ಗೆ. ‘ಮನೆ ಬೆಲೆ ವರ್ಷಕ್ಕೆ ಎಷ್ಟು ಏರುತ್ತದೆ?’ ಅಲ್ಲಿ ಮೊದಲೇ 5 ಅಂತ ತುಂಬಿಟ್ಟಿದ್ದಾರೆ. ಅಳಿಸಿ ಮೈನಸ್ 5 ಹಾಕಿದರೆ ಸುಮ್ನೆ ಸೊನ್ನೆಗೆ ಬಂದು ಕೂರುತ್ತದೆ! ಬೆಲೆ ಬೀಳುವುದು ಸಾಧ್ಯವೇ ಇಲ್ಲ ಅನ್ನುವ ಹಾಗೆ. ಆದರೆ ಉತ್ತರ ಪೂರ್ತಿ ನಿಂತಿರುವುದು ಆ ಖಾನೆಯ ಮೇಲೆಯೇ. ಬೆಲೆಯ ಶೇ. 20 ನಮ್ಮದು, ಉಳಿದದ್ದು ಸಾಲ ಅಂದರೆ, ಬೆಲೆ ಶೇ. 10 ಇಳಿದರೆ ಸಾಕು, ನಮ್ಮ ದುಡ್ಡಿನಲ್ಲಿ ಅರ್ಧ ಹೋಯಿತು. ಕೊಂಡ ಹೊಸದರಲ್ಲೇ ಶೇ. 25 ಇಳಿದರೆ ಮನೆ ಬೆಲೆಗಿಂತ ಸಾಲವೇ ಜಾಸ್ತಿ. ಆಗ ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ ಮಾರುವಂತಿಲ್ಲ, ಮಾರಬೇಕಾದರೆ ಕೈಯಿಂದ ಬ್ಯಾಂಕಿಗೆ ಕಟ್ಟಬೇಕು.

ಇದೇನು ಆಗದ ಮಾತಲ್ಲ. ಅಮೆರಿಕದಲ್ಲಿ 2006ರಲ್ಲಿ ತುದಿ ಮುಟ್ಟಿದ್ದ ಮನೆ ಬೆಲೆ 2012ರ ಹೊತ್ತಿಗೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ನಡುವೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡು ಮತ್ತೆ ಜಾರಿತು, ಹಾಗಾಗಿ ‘ಇಷ್ಟೇ, ಇನ್ನು ಇಳಿಯಲ್ಲ’ ಅಂತ ಆಗ ಕೊಂಡವರೂ ಕಾಯಬೇಕಾಯಿತು. ಜಪಾನಿನಲ್ಲಂತೂ 1991ರ ಸುಮಾರಿಗೆ ಇಳಿಯತೊಡಗಿದ ನಗರದ ಜಮೀನಿನ ಬೆಲೆ ಒಂದು ದಶಕಕ್ಕೂ ಜಾಸ್ತಿ ಇಳಿಯುತ್ತಲೇ ಇತ್ತು.

ಕೊನೆಗೆ ಅದೇ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡೆ. ಮೊದಲ ಮೂರು ವರ್ಷ ಮೈನಸ್ 5, ಆಮೇಲೆರಡು ವರ್ಷ ಸೊನ್ನೆ, ಮುಂದೆ 3. ನಾಲ್ಕೈದು ವರ್ಷಕ್ಕೆ ಜಾಗ ಬಿಡುವವರಿಗೆ ಬಾಡಿಗೆಯೇ ವಾಸಿ ಅಂತ ಬಂತು, ಅನುಮಾನಕ್ಕೆ ಜಾಗವೇ ಇಲ್ಲ. ಹದಿನೈದು ವರ್ಷ ಅಲ್ಲೇ ಇರುವವರಿಗೆ ಈ ಇಳಿತ ಅಷ್ಟಾಗಿ ಕಾಡುವುದಿಲ್ಲ, ಅವರಿಗೆ ಬಡ್ಡಿ ದರವೇ ದೊಡ್ಡ ವಿಷಯ. ಇಷ್ಟೆಲ್ಲ ಬೇಡ ಅನ್ನುವವರು ಮನೆ ಬೆಲೆಯನ್ನು ಅಂಥದೇ ಮನೆಯ ಒಂದು ವರ್ಷದ ಬಾಡಿಗೆಯಿಂದ ಭಾಗಿಸಿ ನೋಡಿ. 20 ದಾಟಿದರೆ ಸದ್ಯಕ್ಕೆ ಬಾಡಿಗೆ, 15ಕ್ಕಿಂತ ಕಡಿಮೆ ಬಂದರೆ ಕೊಳ್ಳುವ ಯೋಚನೆ ಮಾಡಬಹುದು ಅನ್ನುವುದು ರೂಢಿಯ ಅಂದಾಜು. ಬಡ್ಡಿ ಜಾಸ್ತಿ ಇದ್ದಾಗ ಇದನ್ನೂ ಪೂರ್ತಿ ನಂಬಬೇಡಿ.

ಕೆಲಸ ಹೋದರೆ ಏನು ಅನ್ನುವ ಖಾನೆಯೂ ಇದರಲ್ಲಿಲ್ಲ. ಮನೆ ಬೆಲೆ ಬೀಳುವ ಕಾಲದಲ್ಲೇ ಕೆಲಸಗಳೂ ಹೋಗುವುದು. ಹಾಗಂತ ಬಾಡಿಗೆಯವರು ನಿಶ್ಚಿಂತೆ ಅಂತಲೂ ಅಲ್ಲ, ಮಾಲೀಕರು ಕಂತು ಕಟ್ಟದೆ ಮನೆ ಜಪ್ತಿಯಾದರೆ ನಾವೂ ಗಂಟುಮೂಟೆ ಕಟ್ಟಬೇಕಾಗಬಹುದು.

ಇನ್ನೊಂದು. ‘ಬಾಡಿಗೆಯೇ ಲಾಭ’ ಅಂತ ಉತ್ತರ ಬಂದರೂ ಅದರ ಕೆಳಗೆ ‘ಸಾಲಕ್ಕೆ ಅರ್ಜಿ ಹಾಕಿ’ ಅನ್ನುವ ದೊಡ್ಡ ಬಟನ್ ಇದೆ. ಫೋನ್ ನಂಬರ್ ಕೇಳುತ್ತದೆ, ಕೊಡಬೇಡಿ. ಕೊಡದಿದ್ದರೂ ಉತ್ತರ ಕಾಣುತ್ತದೆ.