ಇಂಕ್ರಿಮೆಂಟ್ ಬೋರರ್: ದುಬಾರಿ ಬೈರಿಗೆ, ಆದರೂ ಕೊಳ್ಳಬಹುದು

ಕಾಡಿನ ಇಂಗಾಲದ ಲೆಕ್ಕ ಹಿಡಿಯುವವರ ಚೀಲದಲ್ಲಿ ಎರಡು ಸಾಮಾನು ಇದ್ದೇ ಇರುತ್ತವೆ: ಕಾಂಡದ ದಪ್ಪ ಅಳೆಯುವ ಟೇಪು ಮತ್ತು ಇಂಕ್ರಿಮೆಂಟ್ ಬೋರರ್, ಅಂದರೆ ಮರ ಕಡಿಯದೆಯೇ ವರ್ಷಕ್ಕೊಂದರಂತೆ ಬೆಳೆದ ಉಂಗುರಗಳನ್ನು ನೋಡಲು ಕಾಂಡದಿಂದ ತೆಳು ಕಡ್ಡಿ ತೆಗೆಯುವ ಬೈರಿಗೆ. ಟೇಪಿನ ಬಗ್ಗೆ ಬರೆಯಲು ಏನಿದೆ? ಬೋರರ್ ಹಾಗಲ್ಲ. ಬೆಲೆ ಜಾಸ್ತಿ, ನಾಜೂಕು ಜಾಸ್ತಿ. ಮಿಶಿಗನ್‌ನ ಉತ್ತರ ಭಾಗದ ಎಲೆ ಉದುರುವ ಕಾಡುಗಳಲ್ಲಿ ಬೇಸಿಗೆಯಿಡೀ ಇದನ್ನೇ ತಿರುಗಿಸುವವಳು ನಾನು. ಕಂಪನಿಯ ಹೆಸರು ಬೇಡ, ಎಲ್ಲರದೂ ಹೆಚ್ಚುಕಡಿಮೆ ಒಂದೇ ನಮೂನೆ.

ಟೊಳ್ಳಾದ ಉಕ್ಕಿನ ಬೈರಿಗೆ, ಅಡ್ಡಹಿಡಿ, ಒಳಗೆ ತೂರಿಸುವ ಉದ್ದನೆಯ ತೆಳು ತಗಡು, ಇಷ್ಟೇ. ಕೆಲಸ ಮುಗಿದ ಮೇಲೆ ಎಲ್ಲವೂ ಹಿಡಿಯೊಳಗೇ ಅಡಗುತ್ತವೆ. ಎದೆಮಟ್ಟದಲ್ಲಿ ಮರಕ್ಕೆ ನೇರ ಇಟ್ಟು, ಮೈಭಾರ ಹಾಕಿ ತಿರುಗಿಸಬೇಕು. ತಿರುಳು ಮುಟ್ಟಿದ ಮೇಲೆ ತಗಡು ತೂರಿಸಿ, ಹಿಂದಕ್ಕೆ ಒಂದು ಸುತ್ತು ತಿರುಗಿಸಿ ಎಳೆದರೆ 5.15 ಮಿ.ಮೀ. ದಪ್ಪದ ಕಡ್ಡಿ ಕೈಗೆ ಬರುತ್ತದೆ. ರೆಡ್ ಓಕ್‌ನ ಹಸಿ ಕಡ್ಡಿಗೆ ಮೂಗಿಗೆ ಬಡಿಯುವಂಥ ಹುಳಿ ವಾಸನೆ. ಪ್ರತಿ ವರ್ಷದ ಆರಂಭಕ್ಕೂ ಸೂಜಿಯಲ್ಲಿ ಚುಚ್ಚಿದ ಹಾಗೆ ರಂಧ್ರಗಳ ಸಾಲು, ಕನ್ನಡಕವಿಲ್ಲದೆಯೂ ಎಣಿಸಬಹುದು. ಮೇಪಲ್, ಆಸ್ಪೆನ್ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಕಡ್ಡಿಯನ್ನು ಮರದ ಪಟ್ಟಿಗೆ ಅಂಟಿಸಿ, ನುಣ್ಣನೆಯ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಭೂತಗನ್ನಡಿಯಲ್ಲಿ ನೋಡಬೇಕು.

ಇಷ್ಟು ಕಷ್ಟ ಯಾಕೆ ಅಂದರೆ, ಟೇಪು ಇವತ್ತಿನ ದಪ್ಪವನ್ನಷ್ಟೇ ಹೇಳುತ್ತದೆ. ಒಣಗಿದ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇಂಗಾಲ. ಅದು ಯಾವ ವರ್ಷ ಎಷ್ಟು ಸೇರಿತು ಅನ್ನುವುದು ಉಂಗುರದಲ್ಲೇ ಸಿಗಬೇಕು. ಇಲ್ಲಿನ ಕಾಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಡಿದು ಬರಿದು ಮಾಡಿದ್ದರು, ಆಮೇಲೆ ಬೆಂಕಿಯೂ ಬಿತ್ತು. ಆ ಬೂದಿಯಲ್ಲಿ ಮೊದಲು ಎದ್ದದ್ದು ಆಸ್ಪೆನ್ ಮತ್ತು ಬರ್ಚ್. ಅವಕ್ಕೆ ಈಗ ಮುಪ್ಪು, ಒಂದೊಂದಾಗಿ ಬೀಳುತ್ತಿವೆ. ಕಾಡಿಗೆ ವಯಸ್ಸಾದಂತೆ ಅದು ನಿವ್ವಳವಾಗಿ ಹೀರುವ ಇಂಗಾಲ ಸೊನ್ನೆಯತ್ತ ಇಳಿಯುತ್ತದೆ ಎಂಬ ಚಿತ್ರವನ್ನು 1969ರಲ್ಲಿ ಪರಿಸರ ವಿಜ್ಞಾನಿ ಯೂಜೀನ್ ಓಡಮ್ ಮುಂದಿಟ್ಟಿದ್ದರು. ಬಹಳ ಕಾಲ ಎಲ್ಲರೂ ಅದನ್ನೇ ನಂಬಿಕೊಂಡಿದ್ದರು.

ಪೆಲ್‌ಸ್ಟನ್ ಹತ್ತಿರ ಮಿಶಿಗನ್ ವಿಶ್ವವಿದ್ಯಾಲಯದ ಜೈವಿಕ ಕೇಂದ್ರವಿದೆ. ಅಲ್ಲಿನವರು ಮುಪ್ಪಿಗೆ ಕಾಯುತ್ತ ಕೂರಲಿಲ್ಲ. 2008ರಲ್ಲಿ ಸುಮಾರು 39 ಹೆಕ್ಟೇರಿನಲ್ಲಿ 6,700ಕ್ಕೂ ಹೆಚ್ಚು ಆಸ್ಪೆನ್, ಬರ್ಚ್ ಮರಗಳ ತೊಗಟೆಯನ್ನು ಕಾಂಡದ ಸುತ್ತ ಸುಲಿದುಬಿಟ್ಟರು. ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯದೆ ಮರಗಳು ಕೆಲವೇ ವರ್ಷದಲ್ಲಿ ಸತ್ತವು. ಕಡಿದು ಹಾಕಿದ್ದರೆ ಆಸ್ಪೆನ್ ಬೇರಿನಿಂದ ಮತ್ತೆ ಚಿಗುರೊಡೆಯುತ್ತಿತ್ತು, ಈ ಉಪಾಯದಲ್ಲಿ ಅದಕ್ಕೂ ಆಸ್ಪದ ಕಡಿಮೆ. ಇಷ್ಟು ಸಾವಾದರೂ ಕಾಡಿನ ಇಂಗಾಲದ ಗಳಿಕೆ ಕುಸಿದು ಬೀಳಲಿಲ್ಲ. ಸತ್ತ ಮರಗಳು ಬಿಟ್ಟುಕೊಟ್ಟ ಬೆಳಕನ್ನೂ ಸಾರಜನಕವನ್ನೂ ಕೆಳಗಿದ್ದ ಮೇಪಲ್, ಓಕ್, ವೈಟ್ ಪೈನ್ ಬಾಚಿಕೊಂಡವು. ಸತ್ತ ಕಾಂಡಗಳೇನೂ ಒಂದೇ ಸಲ ಕೊಳೆಯುವುದಿಲ್ಲವಲ್ಲ, ಅವುಗಳ ಇಂಗಾಲವೂ ನಿಧಾನಕ್ಕೇ ಗಾಳಿ ಸೇರುತ್ತದೆ. ಬೆಂಕಿಯಿಟ್ಟು ಬೋಳಿಸಿದ ಕಾಡಿಗೂ ಅಲ್ಲೊಂದು ಇಲ್ಲೊಂದು ಮರ ಸಾಯುವ ಕಾಡಿಗೂ ಒಂದೇ ಲೆಕ್ಕ ಹಾಕಬಾರದು ಅನ್ನುವುದು ಇಲ್ಲಿ ಸ್ಪಷ್ಟ.

ನಾನು ಕೆಲಸ ಮಾಡುವುದು ಬೇರೆ ಕಾಡಿನಲ್ಲಿ. ಮುಪ್ಪಿಗೇ ಬಿದ್ದ ಆಸ್ಪೆನ್ ಒಂದರ ಪಕ್ಕದ ಮೇಪಲ್‌ನಿಂದ ಕಡ್ಡಿ ತೆಗೆದಾಗ ಒಳಗಿನ ಉಂಗುರಗಳು ಕೂದಲೆಳೆಯಂತೆ ಒತ್ತೊತ್ತಾಗಿದ್ದವು, ತೊಗಟೆಯ ಕಡೆಯ ಕೆಲವು ಮಾತ್ರ ಇದ್ದಕ್ಕಿದ್ದಂತೆ ಅಗಲ. ಬೋರರ್‌ಗೆ ಕೊಟ್ಟ ಹಣದ ಬೇಸರ ನನಗೆ ಹೋದದ್ದು ಆವತ್ತು.

ಈಗ ದೂರು. ಚೇಗು ಕೊಳೆತ ಮರಕ್ಕೆ ಇಳಿಸಿದರೆ ಬೈರಿಗೆಗೆ ಕಚ್ಚಿಕೊಳ್ಳಲು ಏನೂ ಸಿಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮುದಿ ಆಸ್ಪೆನ್‌ಗಳಲ್ಲಿ ಇದು ಮಾಮೂಲು. ತಗಡು ಸ್ವಲ್ಪ ಒರಟಾಗಿ ತೂರಿಸಿದರೂ ಬಾಗುತ್ತದೆ. ತುದಿ ಮೊಂಡಾದರೆ ಮನೆಯಲ್ಲಿ ಸಾಣೆ ಹಿಡಿಯುವುದು ಕಷ್ಟ. ಇನ್ನು ಮಣ್ಣು, ತರಗೆಲೆ, ಬಿದ್ದ ಮರ ಉಸಿರಾಡುವ ಇಂಗಾಲದ ವಿಷಯದಲ್ಲಿ ಇದು ಮೂಕ. ಅದಕ್ಕೆ ಬೇರೆ ಉಪಕರಣವೇ ಬೇಕು; ಆ ಜೈವಿಕ ಕೇಂದ್ರದಲ್ಲಂತೂ ಇಡೀ ಕಾಡಿಗೂ ಗಾಳಿಗೂ ನಡುವಿನ ಇಂಗಾಲದ ಕೊಡುಕೊಳ್ಳುವಿಕೆ ಅಳೆಯಲು 46 ಮೀಟರ್ ಗೋಪುರವೇ ಇದೆ.

ಊರಲ್ಲಿ ತೋಟವಿರುವವರು ಕೇಳುತ್ತಾರೆ, ನಮಗೆ ಉಪಯೋಗವಿದೆಯೇ ಅಂತ. ತೇಗದಲ್ಲಿ ವರ್ಷದ ಉಂಗುರ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಕೆಲಸ ಮಾಡುತ್ತದೆ. ಆದರೆ ತೂತು ಮರಕ್ಕೆ ಗಾಯವೇ, ನಾಟಾ ಮಾರುವ ಮರಕ್ಕೆ ನಾನಂತೂ ಹಾಕಲಾರೆ. ಅರಣ್ಯ ಇಲಾಖೆಯ ಕಾಡಿನಲ್ಲಾದರೆ ಅನುಮತಿಯಿಲ್ಲದೆ ಮರ ಮುಟ್ಟುವ ಹಾಗೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ತರಿಸುವುದಾದರೆ ಇನ್ನೊಂದು ತಗಡನ್ನೂ ಜೊತೆಗೇ ತರಿಸಿ. ಓಕ್‌ಗೆ ಇಳಿಸುವ ಮುಂಚೆ ಬೈರಿಗೆಯ ಎಳೆಗಳಿಗೆ ಜೇನುಮೇಣ ಸವರಿ, ಸಂಜೆ ಒರೆಸಿ ಎಣ್ಣೆ ಹಚ್ಚಿಡಿ. ಒದ್ದೆ ಹಾಗೇ ಹಿಡಿಯೊಳಗೆ ಇಟ್ಟರೆ ತುಕ್ಕು ಗ್ಯಾರಂಟಿ.