ಕಾದಂಬರಿಯ ಭಾಷೆ ತಿದ್ದಲು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ನನ್ನ ಮೊದಲ ಕಾದಂಬರಿಯಲ್ಲಿ 'ಎಂದುರ್ಜಲ' ಅನ್ನುವ ಪದ ಸಿಕ್ಕಿತು. ಅದು ಏನು ಅಂತ ಅರ್ಥವಾಗಲು ನನಗೇ ಐದು ನಿಮಿಷ ಬೇಕಾಯಿತು.

ಕತೆ ನಡೆಯುವುದು ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ. ನಿರೂಪಣೆ ಪುಸ್ತಕದ ಕನ್ನಡ, ಮಾತುಕತೆ ಆ ಕಡೆಯದು. ವಾಕ್ಯಗಳು ಅಲ್ಲಲ್ಲಿ ತೊಡರುತ್ತಿವೆ ಅನ್ನಿಸಿ, ಭಾಷೆ ತಿದ್ದುವವರೊಬ್ಬರಿಗೆ ಕೊಟ್ಟೆ. ಪುಟಕ್ಕೆ 40 ರೂಪಾಯಿ, 212 ಪುಟ, ಪೂರ್ತಿ ದುಡ್ಡು ಮುಂಗಡ. ಅವರ ಕೆಲಸವನ್ನು ಒಂದು ಪುಟವೂ ನೋಡಿರಲಿಲ್ಲ. ಅದು ನನ್ನದೇ ದಡ್ಡತನ.

ಹನ್ನೊಂದೇ ದಿನಕ್ಕೆ ಫೈಲ್ ಬಂತು. ಮೊದಲ ಅಧ್ಯಾಯ ಚೆನ್ನಾಗಿಯೇ ಇತ್ತು. ನಾನು ಸಿಕ್ಕಲ್ಲೆಲ್ಲ ತುರುಕಿದ್ದ 'ಒಂದು ರೀತಿಯ', 'ಯಾಕೋ ಏನೋ'ಗಳನ್ನು ಕಿತ್ತು ಹಾಕಿದ್ದರು. ಸುಳ್ಳು ಹೇಳಬಾರದು, ಖುಷಿಯಾಯಿತು.

ಮೂರನೇ ಅಧ್ಯಾಯದಲ್ಲಿ ಅಜ್ಜಿ ಬರುತ್ತಾಳೆ. ನಾನು ಬರೆದದ್ದು: "ಉಂಡಿ ಏನವಾ? ಇಲ್ಲಂದ್ರ ಬಾ, ರೊಟ್ಟಿ ಬಿಸಿ ಅದಾವ." ವಾಪಸ್ ಬಂದದ್ದು: "ನೀನು ಊಟ ಮಾಡಿದೆಯಾ ಮಗಳೇ? ಮಾಡಿರದಿದ್ದರೆ ಬಾ, ಏಕೆಂದರೆ ರೊಟ್ಟಿಗಳು ಬಿಸಿಯಾಗಿವೆ." ಮೊಮ್ಮಗಳನ್ನು ಊಟಕ್ಕೆ ಕರೆಯುವಾಗ ಯಾವ ಅಜ್ಜಿ 'ಏಕೆಂದರೆ' ಅನ್ನುತ್ತಾಳೆ? ನಮ್ಮ ಅಜ್ಜಿ ರಾತ್ರೋರಾತ್ರಿ ವ್ಯಾಕರಣದ ಮೇಷ್ಟ್ರಾಗಿದ್ದಳು.

ಇನ್ನು ಎಂದುರ್ಜಲ. ಅವರಿಗೆ 'ಅಂತ' ಇಷ್ಟವಿಲ್ಲ, 'ಎಂದು' ಬೇಕು. ವರ್ಡ್‌ನಲ್ಲಿ ಎಲ್ಲ ಕಡೆ ಒಂದೇ ಸಲಕ್ಕೆ ಬದಲಿಸುವ ರೀಪ್ಲೇಸ್ ಆಲ್ ಒತ್ತಿದ್ದಾರೆ, ಇಡೀ ಪದವನ್ನು ಮಾತ್ರ ಹುಡುಕು ಅಂತ ಗುರುತು ಹಾಕಿಲ್ಲ. ಅಂತರ ಇದ್ದಲ್ಲಿ 'ಎಂದುರ' ಆಯಿತು, ಅಂತರ್ಜಲ ಹೀಗಾಯಿತು. 'ಆಕಿ'ಯನ್ನು 'ಅವಳು' ಮಾಡಿದ್ದರಿಂದ 'ಆಕಿಗೆ' ಹೋಗಿ 'ಅವಳುಗೆ'. ಕತೆಯೇ ಬತ್ತಿದ ಬೋರ್‌ವೆಲ್‌ಗಳದ್ದು. ಅಂತರ್ಜಲ ಎಷ್ಟು ಸಲ ಬಂದಿರಬಹುದು, ನೀವೇ ಲೆಕ್ಕ ಹಾಕಿ.

ತಿದ್ದಿದ್ದನ್ನೆಲ್ಲ ಗುರುತು ಹಾಕಿ ತೋರಿಸುವ ಟ್ರ್ಯಾಕ್ ಚೇಂಜಸ್ ಆನ್ ಮಾಡಿರಲಿಲ್ಲ. ಅವರು ಕಳಿಸಿದ ಫೈಲ್ ಒಂದರಲ್ಲೇ ಏನು ಬದಲಾಗಿದೆ ಅಂತ ನೋಡುವ ದಾರಿಯೇ ಇಲ್ಲ. ಫೋನ್ ಮಾಡಿದರೆ, "ಓದುಗರಿಗೆ ಅನುಕೂಲ ಆಗ್ಲಿ ಅಂತ ಸ್ಟ್ಯಾಂಡರ್ಡ್ ಕನ್ನಡ ಮಾಡಿದೀನಿ ಮೇಡಂ" ಅಂದರು. ಬಾಯಲ್ಲಿ 'ಅಂತ' ಸಲೀಸಾಗಿಯೇ ಬಂತು! ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹಾಗಾಗಿ, ಕೊಡುವ ಮುಂಚೆ ಮಾತುಕತೆ ಜಾಸ್ತಿ ಇರುವ ನಾಲ್ಕೈದು ಪುಟ ಕೊಟ್ಟು ತಿದ್ದಿಸಿ ನೋಡಿ. ವರ್ಣನೆಯ ಪುಟ ಕೊಡಬೇಡಿ, ಅದನ್ನು ಯಾರಾದರೂ ಚೆನ್ನಾಗಿಯೇ ತಿದ್ದುತ್ತಾರೆ. ಮುಟ್ಟಬಾರದ ಪದಗಳನ್ನು ಮೊದಲೇ ಬರೆದುಕೊಡಿ. ಟ್ರ್ಯಾಕ್ ಚೇಂಜಸ್ ಇಲ್ಲದೆ ಒಪ್ಪಲೇಬೇಡಿ, ದುಡ್ಡು ಅಧ್ಯಾಯದ ಲೆಕ್ಕದಲ್ಲಿ ಕೊಡಿ. ಮೂಲ ಫೈಲ್ ಬೇರೆ ಕಡೆ ಇಟ್ಟುಕೊಳ್ಳಿ. ನನ್ನದು ಹಳೆಯ ಮೇಲ್‌ನಲ್ಲಿ ಉಳಿದಿತ್ತು. ವರ್ಡ್‌ನ ಕಂಪೇರ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಒಳ್ಳೆಯ ತಿದ್ದುಪಡಿ ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಕ್ಕೆ ಹಾಕುತ್ತಿದ್ದೇನೆ. ನಿನ್ನೆ ರಾತ್ರಿ 147ನೇ ಪುಟಕ್ಕೆ ಬಂದೆ. ಅಲ್ಲಿ ಅಜ್ಜಿಗೆ 'ಎಂದುಃಕರಣ' ಜಾಸ್ತಿ ಅಂತ ಬರೆದಿತ್ತು.