ರಿಲಯಬಿಲಿಟಿ ಮಾನಿಟರ್: ಮೂರು ವರ್ಷ ದಿನಾ ನೋಡಿದ ಮೇಲೆ

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರರ್ ಬಂದಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ. ಓಕೆ ಒತ್ತುವುದು. ಮೆಮೊರಿ ಓದಲು ಆಗಲಿಲ್ಲ ಅಂತ ಒಂದು ಚೌಕ ಬರುತ್ತದೆ, ಜೊತೆಗೆ ಉದ್ದನೆಯ ಒಂದು ಸಂಖ್ಯೆ. ಓಕೆ ಒತ್ತಿದರೆ ಪ್ರೋಗ್ರಾಂ ಮಾಯ, ಅರ್ಧ ಗಂಟೆಯ ಕೆಲಸವೂ ಮಾಯ. ಒಂದು ದಿನ ಲೆಕ್ಕದ ಹಾಳೆ, ಇನ್ನೊಂದು ದಿನ ಬ್ರೌಸರ್, ಮತ್ತೊಂದು ದಿನ ಫೋಟೊ ನೋಡುವ ಪ್ರೋಗ್ರಾಂ. ಒಂದೊಂದನ್ನೂ ತೆಗೆದು ಮತ್ತೆ ಹಾಕಿದೆ. ವೈರಸ್ ಹುಡುಕಿಸಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ಚೌಕ.

ಆಗ ಕಣ್ಣಿಗೆ ಬಿದ್ದದ್ದು ರಿಲಯಬಿಲಿಟಿ ಮಾನಿಟರ್, ಕಂಪ್ಯೂಟರ್‌ನಲ್ಲಿ ಯಾವತ್ತು ಏನು ಕುಸಿಯಿತು ಅಂತ ದಿನದ ಲೆಕ್ಕದಲ್ಲಿ ತೋರಿಸುವ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ, ಡೌನ್‌ಲೋಡ್ ಮಾಡಬೇಕಿಲ್ಲ. ವಿಸ್ಟಾ ಕಾಲದಿಂದಲೂ ವಿಂಡೋಸ್ ಒಳಗೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ "ವ್ಯೂ ರಿಲಯಬಿಲಿಟಿ ಹಿಸ್ಟರಿ" ಅಂತ ಬರುತ್ತದೆ. ಅಷ್ಟು ಹತ್ತಿರ ಇದ್ದದ್ದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ತೆರೆದರೆ ಒಂದು ನಕ್ಷೆ. ದಿನಕ್ಕೊಂದು ಕಂಬ, ಮೇಲೆ ಒಂದು ನೀಲಿ ಗೆರೆ. ಗೆರೆ 1ರಿಂದ 10ರವರೆಗೆ ಓಡುತ್ತದೆ. ಪ್ರೋಗ್ರಾಂ ಕುಸಿದ ದಿನ ಕೆಂಪು ಗುರುತು ಬೀಳುತ್ತದೆ, ಗೆರೆ ಕೆಳಗಿಳಿಯುತ್ತದೆ. ತೊಂದರೆ ಇಲ್ಲದೆ ದಿನಗಳು ಕಳೆದರೆ ನಿಧಾನವಾಗಿ ಮೇಲೇರುತ್ತದೆ. ಮೊದಲ ಸಲ ನೋಡಿದಾಗ ನನ್ನ ಗೆರೆ 2ರ ಹತ್ತಿರ ಇತ್ತು. ಸಾಲು ಸಾಲು ಕೆಂಪು.

ಅವತ್ತಿನಿಂದ ಒಂದು ಅಭ್ಯಾಸ ಆಗಿದೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಅವತ್ತಿನ ಕಂಬದ ಮೇಲೆ ಕ್ಲಿಕ್ ಮಾಡುತ್ತೇನೆ. ಕೆಳಗೆ ಪಟ್ಟಿ ತೆರೆಯುತ್ತದೆ. ಕೆಂಪು ಇದ್ದರೆ "ವ್ಯೂ ಟೆಕ್ನಿಕಲ್ ಡೀಟೇಲ್ಸ್" ಒತ್ತುತ್ತೇನೆ. ಅದರಲ್ಲಿ ನನಗೆ ಬೇಕಾದದ್ದು ಮೂರೇ: ಯಾವ ಪ್ರೋಗ್ರಾಂ ಕುಸಿಯಿತು, ಯಾವ ಮಾಡ್ಯೂಲ್‌ನಲ್ಲಿ (ಪ್ರೋಗ್ರಾಂ ಬಳಸುವ ಕೋಡ್ ಫೈಲ್) ಕುಸಿಯಿತು, ಎಕ್ಸೆಪ್ಶನ್ ಕೋಡ್ (ಯಾವ ಬಗೆಯ ತಪ್ಪು ಅಂತ ಹೇಳುವ ಸಂಖ್ಯೆ) ಏನು. ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಎರಡು ನಿಮಿಷದ ಕೆಲಸ. ಈಗ ಅದು ಮಾಡದಿದ್ದರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ.

ಮೂರು ವಾರ ಬರೆದ ಮೇಲೆ ಪುಟ ತಾನೇ ಮಾತಾಡಿತು. ಕೋಡ್ ಎಲ್ಲ ಕಡೆ ಒಂದೇ, ಸಿ0000005. ಪ್ರೋಗ್ರಾಂ ತನಗೆ ಸೇರದ ಮೆಮೊರಿ ವಿಳಾಸಕ್ಕೆ ಕೈ ಹಾಕಿದೆ ಅಂತ ಅದರ ಅರ್ಥ. ಆದರೆ ಪ್ರೋಗ್ರಾಂ ಬೇರೆ ಬೇರೆ, ಮಾಡ್ಯೂಲ್ ಕೂಡ ಬೇರೆ ಬೇರೆ. ಒಂದೇ ಸಾಫ್ಟ್‌ವೇರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತದೆ, ಅಲ್ವಾ? ಎಲ್ಲವೂ ಎಲ್ಲೆಲ್ಲೋ ಎಡವುತ್ತಿವೆ ಅಂದರೆ ಕಾಲ ಕೆಳಗಿನ ನೆಲವನ್ನೇ ನೋಡಬೇಕು. ನನಗೆ ರ‍್ಯಾಮ್ (ಪ್ರೋಗ್ರಾಂಗಳು ಓಡುವಾಗ ಬಳಸುವ ಮೆಮೊರಿ) ಮೇಲೆ ಅನುಮಾನ ಬಂತು.

ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆ ಏನೂ ತೊಂದರೆ ಇಲ್ಲ ಅಂದಿತು. ಸಮಾಧಾನ ಆಗಲಿಲ್ಲ. ಮೆಮೊರಿಯನ್ನು ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಂ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಬದಲು ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ, ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ಎರರ್ ಸಾಲುಗಳು. ಬ್ಯಾಟರಿ ಕಳಚಿ, ಎರಡು ರ‍್ಯಾಮ್ ಕಡ್ಡಿಗಳನ್ನೂ ತೆಗೆದು, ಒಂದೊಂದನ್ನೇ ಹಾಕಿ ಮತ್ತೆ ಓಡಿಸಿದೆ. ಒಂದು ಶುದ್ಧವಾಗಿತ್ತು, ಇನ್ನೊಂದು ಹೋಗಿತ್ತು. ಹೋದದ್ದನ್ನು ಬಿಟ್ಟು ಒಂದರಲ್ಲೇ ಕೆಲವು ತಿಂಗಳು ತಳ್ಳಿದೆ. ಲ್ಯಾಪ್‌ಟಾಪ್ ನಿಧಾನವಾಯಿತು, ಆದರೆ ಕುಸಿಯುವುದು ನಿಂತಿತು. ಆ ನೀಲಿ ಗೆರೆ ದಿನಾ ಒಂದಿಷ್ಟು ಮೇಲೇರುವುದನ್ನು ನೋಡುವ ಖುಷಿಯೇ ಬೇರೆ.

ಇಲ್ಲಿಗೆ ನಿಲ್ಲಿಸಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಆದರೆ ಗೆರೆ 5ರಿಂದ ಮೇಲೆ ಹೋಗಲೇ ಇಲ್ಲ. ಪ್ರಿಂಟರ್ ಜೊತೆ ಬಂದಿದ್ದ ಒಂದು ಚಿಕ್ಕ ಸಹಾಯಕ ಪ್ರೋಗ್ರಾಂ ದಿನಾ ಹಿನ್ನೆಲೆಯಲ್ಲಿ ಕುಸಿಯುತ್ತಿತ್ತು. ಪರದೆ ಮೇಲೆ ಏನೂ ಕಾಣಿಸುತ್ತಿರಲಿಲ್ಲ. ಪ್ರತಿ ಸಲವೂ ಅದೇ ಮಾಡ್ಯೂಲ್, ಅದೇ ಆಫ್‌ಸೆಟ್, ಅಂದರೆ ಅದರೊಳಗೆ ಅದೇ ಜಾಗ. ಇದು ಅಪ್ಪಟ ಸಾಫ್ಟ್‌ವೇರ್ ತೊಂದರೆ. ಅದನ್ನು ಕಿತ್ತುಹಾಕಿದೆ, ಪ್ರಿಂಟ್ ಮಾತ್ರ ಈಗಲೂ ಸರಿಯಾಗಿ ಬರುತ್ತಿದೆ. ನನಗೆ ಬೇಸರ ತಂದದ್ದು ಅಂಕಿ. ಕೆಲಸ ಹಾಳು ಮಾಡಿದ ಕುಸಿತಕ್ಕೂ ಯಾರಿಗೂ ಗೊತ್ತಾಗದ ಕುಸಿತಕ್ಕೂ ಪಟ್ಟಿಯಲ್ಲಿ ಒಂದೇ ಕೆಂಪು ಗುರುತು. ಲ್ಯಾಪ್‌ಟಾಪ್ ಅಲುಗಾಡದೆ ನಿಂತಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಕೆಂಪು ಬೀಳುತ್ತದೆ. ಹಾಗಾಗಿ ಈಗ ಅಂಕಿ ನೋಡಿ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಳಗಿನ ಪಟ್ಟಿಯನ್ನೇ ಓದುತ್ತೇನೆ. ಇನ್ನೊಂದು ಮಾತು. ಇದು ತೋರಿಸುತ್ತದೆ ಅಷ್ಟೇ, ರಿಪೇರಿ ಮಾಡುವುದಿಲ್ಲ. ಒತ್ತಿದರೆ ಸರಿಹೋಗುವ ಬಟನ್ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.

ಎರಡನೇ ವರ್ಷದ ಕೊನೆಯಲ್ಲಿ ನೋಟ್‌ಬುಕ್‌ನಲ್ಲಿ ಒಂದು ಹೊಸ ಕೋಡ್ ಬಂತು. ಸಿ0000006. ಕೊನೆಯ ಅಂಕಿ ಮಾತ್ರ ಬೇರೆ, ಅವಸರದಲ್ಲಿ ನೋಡಿದರೆ ಹಳೆಯದೇ ಅನಿಸುತ್ತದೆ. ಆದರೆ ಅರ್ಥ ಪೂರ್ತಿ ಬೇರೆ. ಬೇಕಾದ ಮಾಹಿತಿಯ ತುಣುಕನ್ನು ಡಿಸ್ಕ್‌ನಿಂದ ಮೆಮೊರಿಗೆ ತರಲು ಆಗಲಿಲ್ಲ ಅಂತ. ವಿಂಡೋಸ್‌ನ ದಾಖಲೆ ಪುಸ್ತಕದಂಥ ಈವೆಂಟ್ ವ್ಯೂವರ್ ತೆರೆದು ನೋಡಿದೆ. ಡಿಸ್ಕ್‌ನಲ್ಲಿ ಬ್ಯಾಡ್ ಬ್ಲಾಕ್ (ಕೆಟ್ಟುಹೋದ ಜಾಗ) ಇದೆ ಅಂತ ಸಾಲಾಗಿ ಬರೆದಿತ್ತು. ನನ್ನ ಜೀವ ಬಾಯಿಗೆ ಬಂತು. ಹತ್ತು ವರ್ಷದ ಫೋಟೊಗಳು ಅದರಲ್ಲೇ ಇದ್ದವು.

ಇಂಥ ಹೊತ್ತಿನಲ್ಲಿ ದಯವಿಟ್ಟು ಮೊದಲೇ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕ್ ಪೂರ್ತಿ ಓದಿಸಿದರೆ ಅದಕ್ಕೆ ಇನ್ನೂ ಜಾಸ್ತಿ ಹೊರೆ. ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಿರಿ. ನಾನು ಅವತ್ತೇ ರಾತ್ರಿ ಕೂತು ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿದೆ. ಕೆಲವು ದಿನಗಳಲ್ಲಿ ಹಳೇ ಡಿಸ್ಕ್ ಬೂಟ್ ಆಗುವುದನ್ನೇ ನಿಲ್ಲಿಸಿತು. ಫೋಟೊ ಒಂದೂ ಹೋಗಲಿಲ್ಲ. ಒಂದು ಅಂಕಿಯ ವ್ಯತ್ಯಾಸ ಗಮನಿಸಿದ್ದಕ್ಕೆ ಉಳಿದವು.

ಹೊಸ ಬಗೆಯ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಕೂರಿಸಿದೆ. ಅದರೊಂದಿಗೆ ಹಳೇ ನಕ್ಷೆ ಹೋಯಿತು. ಇತಿಹಾಸವನ್ನು ಫೈಲ್ ಆಗಿ ಉಳಿಸುವ ಸೌಲಭ್ಯ ಇದೆ, ಆದರೆ ಅದನ್ನು ಮತ್ತೆ ನಕ್ಷೆಯೊಳಗೆ ತುಂಬಲು ಬಟನ್ ಇಲ್ಲ. ಹಾಗಾಗಿ ನೋಟ್‌ಬುಕ್ ಬಿಟ್ಟಿಲ್ಲ.

ಹೊಸ ಲ್ಯಾಪ್‌ಟಾಪ್ ಈಗ ನನ್ನ ಕೈಗೆ ಎಟುಕುವುದಿಲ್ಲ. ಈ ಹಳೇ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 (ಭದ್ರತೆಯ ಒಂದು ಚಿಪ್) ಇಲ್ಲದ ಕಾರಣ ವಿಂಡೋಸ್ 11 ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟರ್ನೆಟ್‌ನಿಂದ ದೂರ ಇಟ್ಟು ಲೆಕ್ಕಕ್ಕೂ ಫೋಟೊಗೂ ಬಳಸುತ್ತಿದ್ದೇನೆ. ಗೆರೆ 10ರ ಹತ್ತಿರ ಬಂದು ನಿಂತಿದೆ. ನಿನ್ನೆ ಒಂದು ಹಳದಿ ತ್ರಿಕೋನ ಕಾಣಿಸಿತು, ಯಾವುದೋ ಡ್ರೈವರ್ ಸರಿಯಾಗಿ ಕೂತಿಲ್ಲ. ಅದರ ಹೆಸರು ಬರೆದಿಟ್ಟಿದ್ದೇನೆ. ಇವತ್ತು ರಾತ್ರಿ ನೋಡಬೇಕು.